ಹಡಗಿನ ಮೊದಲ ಪಂಕ್ತಿ

ನಾಲ್ಕು ರಾತ್ರಿಗಳಲ್ಲಿ ಎರಡನ್ನು ಆರಿಸುವುದು ಅದೆಂಥ ಘನಂದಾರಿ ಕೆಲಸ ಎಂದು ನೀವು ಕೇಳಬಹುದು. ಕೇಳುವ ಮುಂಚೆ ಹಾರನಹಳ್ಳಿಯ ಜವರಯ್ಯನ ಗೊಬ್ಬರದ ಅಂಗಡಿಯಲ್ಲಿ ಆ ಒಂದು ವಾರ ಕೂತು ನೋಡಬೇಕಿತ್ತು. ಹೊಗೆಸೊಪ್ಪಿಗೆ ನೆಟ್ಟ ಎಷ್ಟನೇ ದಿನ ಏನು ಹಾಕಬೇಕು ಎಂದು ಕಣ್ಣುಮುಚ್ಚಿಕೊಂಡು ಹೇಳುತ್ತಿದ್ದ ಮನುಷ್ಯ, ಗಿರಾಕಿ ಬಂದು ಯೂರಿಯಾ ಕೇಳಿದರೆ "ಭಾನುವಾರ ಬ್ಯಾಡ ಕಣಪ್ಪ, ಮಂಗಳವಾರ ನೋಡುವ" ಎನ್ನತೊಡಗಿದ್ದ. (ಗಿರಾಕಿ ಪಾಪ, ದಾಸ್ತಾನು ಇಲ್ಲವೇನೋ ಎಂದುಕೊಂಡು ಪಕ್ಕದಂಗಡಿಗೆ ಹೋದ.)

ವಿಷಯ ಏನಪ್ಪಾ ಅಂದರೆ, ಗೊಬ್ಬರದ ಕಂಪನಿಯವರು ಆ ವರ್ಷ ಜೋರು ವ್ಯಾಪಾರ ಮಾಡಿದ ಡೀಲರುಗಳನ್ನೆಲ್ಲ ಹೆಂಡತಿ ಸಮೇತ ಸಿಂಗಾಪುರಕ್ಕೆ ಕರೆದುಕೊಂಡು ಹೋಗಿ, ಅಲ್ಲಿಂದ ಒಂದು ಮಹಾ ಹಡಗು ಹತ್ತಿಸಿ, ಭಾನುವಾರದಿಂದ ಗುರುವಾರದ ತನಕ ಸಮುದ್ರದ ಮೇಲೆ ಮೆರವಣಿಗೆ ಮಾಡಿಸುವುದೆಂದು ತೀರ್ಮಾನಿಸಿದ್ದರು. ಪಟ್ಟಿಯಲ್ಲಿ ಜವರಯ್ಯನ ಹೆಸರೂ ಇತ್ತು. ಪಾಸ್‌ಪೋರ್ಟು ಬಂತು, ಸೂಟ್‌ಕೇಸು ಬಂತು, ಕೊನೆಗೆ ಕಂಪನಿಯ ಪವಿತ್ರಾ ಅನ್ನುವ ಹುಡುಗಿಯ ಫೋನೂ ಬಂತು.

"ಸಾರ್, ಹಡಗಲ್ಲಿ ದೊಡ್ಡ ಹಾಲ್‌ನಲ್ಲಿ ಮೂರು ಹೊತ್ತೂ ಊಟ ಇದ್ದೇ ಇರುತ್ತೆ. ಅದಲ್ದೆ ಸ್ಪೆಷಲ್ ರೆಸ್ಟೋರೆಂಟುಗಳಿದಾವೆ. ಒಂದರಲ್ಲಿ ಜಪಾನಿನೋರು ನಮ್ಮ ಎದುರಿಗೇ ಕಾವಲಿ ಮೇಲೆ ಮಾಡಿ ಕೊಡ್ತಾರೆ. ಇನ್ನೊಂದರಲ್ಲಿ ಕೆಂಡದ ಮೇಲೆ ಕುರಿ ತೊಡೆ ಸುಡ್ತಾರೆ. ಒಂದು ಜೋಡಿಗೆ ಎರಡು ರಾತ್ರಿ ಕಂಪನಿ ಲೆಕ್ಕ. ಯಾವ್ಯಾವ ರಾತ್ರಿ ಅಂತ ಶುಕ್ರವಾರದೊಳಗೆ ಹೇಳ್ಬಿಡಿ. ಆಮೇಲೆ ಸೀಟು ಸಿಗಲ್ಲ."

ಕುರಿ ತೊಡೆ ಎಂದ ಕೂಡಲೇ ಜವರಯ್ಯನಿಗೆ ಬಾಯಲ್ಲಿ ನೀರೂರಿದ್ದು ನಿಜ. ಸುಳ್ಳು ಯಾಕೆ ಹೇಳಬೇಕು? ಆದರೆ ಅದಕ್ಕಿಂತ ಹೆಚ್ಚಾಗಿ ಅವನಿಗೆ ನೆನಪಾದದ್ದು ಎರಡು ವರ್ಷದ ಹಿಂದಿನ ಮಗಳು ಸೌಂದರ್ಯಳ ಬೀಗರೂಟ. ಆರುನೂರು ಜನ ಉಂಡಿದ್ದರು. ಬೀಗರ ಕಡೆಯವರು ಮೀಸೆ ಒರೆಸಿಕೊಂಡು "ಭೇಷ್" ಅಂದಿದ್ದರು. ಸಂಜೆ ನಾಲ್ಕೂವರೆಗೆ ಜವರಯ್ಯ ಶಾಮಿಯಾನದ ಹಿಂದೆ ಹೋದಾಗ, ಹೆಂಡತಿ ರುಕ್ಮಿಣಮ್ಮ ಬೋರಲು ಹಾಕಿದ ಹಂಡೆಯ ಮೇಲೆ ಕೂತು ತಣ್ಣಗಾದ ಮುದ್ದೆಯನ್ನು ಎಸರಿನಲ್ಲಿ ಅದ್ದಿ ನುಂಗುತ್ತಿದ್ದಳು. ಎಸರಿನಲ್ಲಿ ಎರಡು ಮೂಳೆ ಬಿಟ್ಟರೆ ಏನೂ ಇರಲಿಲ್ಲ.

"ಬಾಡು ಖಾಲಿಯಾಗೋಯ್ತೇನಮ್ಮಿ?" ಎಂದು ಕೇಳಿದ್ದಕ್ಕೆ ಅವಳು, "ಆಗ್ಲಿ ಬುಡಿ, ಬಂದೋರು ಉಂಡ್ರಲ್ಲ" ಅಂದಿದ್ದಳು.

ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಆ ಹೆಂಗಸು ಒಮ್ಮೆಯೂ ಮೊದಲ ಪಂಕ್ತಿಯಲ್ಲಿ ಕೂತವಳಲ್ಲ. ಅವತ್ತೇ ಜವರಯ್ಯ ಮನಸ್ಸಿನಲ್ಲಿ ಭೀಷ್ಮಪ್ರತಿಜ್ಞೆ ಮಾಡಿಬಿಟ್ಟಿದ್ದ. ಒಂದೇ ಒಂದು ದಿನ ರುಕ್ಮಿಣಿ ಎಲ್ಲರಿಗಿಂತ ಮುಂಚೆ ಕೂರಬೇಕು, ಬೇರೆ ಯಾರೋ ಬಿಸಿಬಿಸಿ ಬಡಿಸಬೇಕು, ಅವಳು ಸಾಕು ಅನ್ನುವ ತನಕ ಬಾಡು ತಿನ್ನಬೇಕು. ಈ ಮಾತನ್ನು ಅವಳಿಗೆ ಹೇಳಿರಲಿಲ್ಲ. ಹೇಳಿದರೆ ಹಣೆ ಮುಟ್ಟಿ ನೋಡಿ "ಜ್ವರ ಗಿರ ಬಂದೈತಾ?" ಎಂದು ಕೇಳುವ ಪೈಕಿ ಅವಳು.

ಅಂತೂ ಗಂಡ ಹೆಂಡತಿ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಮಂತ್ರಾಲೋಚನೆಗೆ ಶುರುಮಾಡಿದರು.

"ಸೋಮವಾರ ಮಾತೇ ಆಡಂಗಿಲ್ಲ. ನಂಜುಂಡೇಶ್ವರನ ವಾರ" ಎಂದ ಜವರಯ್ಯ.

"ಸಮುದ್ರದ ಮ್ಯಾಲೂ ಸೋಮವಾರ ಇರ್ತದಾ?"

"ಇರ್ದೆ ಏನು? ಸೋಮವಾರ ಹಾರನಹಳ್ಳಿಲಿ ಮಾತ್ರ ಬತ್ತದಾ? ಭಾನುವಾರ, ಮಂಗಳವಾರ, ಬುಧವಾರ ಉಳೀತು."

"ಭಾನುವಾರ ಬ್ಯಾಡ ಕಣ್ರೀ. ಹತ್ತಿದ ದಿನವೇ ಬಾಡಿನ ಮ್ಯಾಲೆ ಕೈ ಹಾಕುದ್ರೆ, ಇವ್ರು ಉಣ್ಣಕ್ಕೇ ಬಂದವ್ರೆ ಅಂದ್ಕಳಾಕಿಲ್ವಾ?"

"ಉಣ್ಣಕ್ಕೇ ಅಲ್ವಾ ಅಮ್ಮಿ ಕರ್ಕೊಂಡು ಓಯ್ತಿರಾದು!"

ಹಾಗಾದರೆ ಮಂಗಳವಾರ, ಬುಧವಾರ ಎಂದು ಹೆಚ್ಚುಕಡಿಮೆ ಒಪ್ಪಂದವಾಗುವಷ್ಟರಲ್ಲಿ ಜವರಯ್ಯನ ಷಡ್ಡಕ, ಕೊಪ್ಪದ ಪುಟ್ಟಸ್ವಾಮಿ ಬಂದ. ಅವನು ಹೋದ ವರ್ಷ ಇನ್ನೊಂದು ಕಂಪನಿಯ ಲೆಕ್ಕದಲ್ಲಿ ಇಂಥದ್ದೇ ಹಡಗು ಹತ್ತಿ ಬಂದವನು. ಅಂದಿನಿಂದ ಕೆರೆ ಕಂಡರೂ "ಸಮುದ್ರದಲ್ಲಿ ಏನಾಯ್ತದೆ ಅಂದ್ರೆ" ಎಂದೇ ಮಾತು ಶುರುಮಾಡುತ್ತಿದ್ದ.

"ಬುಧವಾರ ಸುತಾರಾಂ ಬ್ಯಾಡ ಕಣಣ್ಣ" ಎಂದ ಪುಟ್ಟಸ್ವಾಮಿ. "ಅದು ಕೊನೆ ರಾತ್ರಿ. ಸಂಜೆಗೇ ಪೆಟ್ಟಿಗೆ ಕಟ್ಟಿ ರೂಮಿನ ಬಾಗ್ಲು ಆಚೆ ಇಡಬೇಕು. ಒಳ್ಳೇ ಬಟ್ಟೆ ಎಲ್ಲ ಪೆಟ್ಟಿಗೆಲಿ ಓಯ್ತದೆ. ನಾನು ಓದ್ಸಲ ಕೊನೆ ರಾತ್ರಿಗೆ ಬುಕ್ ಮಾಡಿ, ಚಡ್ಡೀಲಿ ಓಗಿ, ಬಾಗ್ಲಲ್ಲೇ ವಾಪಸ್ ಕಳುಸ್ಬುಟ್ರು."

ರುಕ್ಮಿಣಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಹೀಗೆ ಐದು ದಿನದ ಚರ್ಚೆ, ಎರಡು ರಾತ್ರಿಯ ಮುನಿಸು, ಒಬ್ಬ ಷಡ್ಡಕನ ಮಾನಭಂಗದ ಕಥೆ ಎಲ್ಲ ಮುಗಿದ ಮೇಲೆ, ಶುಕ್ರವಾರ ಸಂಜೆ ಜವರಯ್ಯ ಪವಿತ್ರಾಳಿಗೆ ಫೋನು ಮಾಡಿ ರಾಜಾಜ್ಞೆ ಹೊರಡಿಸಿದ. ಭಾನುವಾರ ಜಪಾನಿನ ಕಾವಲಿ, ಮಂಗಳವಾರ ಕುರಿ ತೊಡೆ.

ಹಡಗು ಕಣ್ಣಿಗೆ ಬಿದ್ದಾಗ ಜವರಯ್ಯ ತೆರೆದ ಬಾಯಿ ಮುಚ್ಚಲಿಲ್ಲ. ಎಣಿಸಿದ, ಹದಿನಾರು ಅಂತಸ್ತು. ಮತ್ತೆ ಎಣಿಸಿದ, ಹದಿನೇಳು. ಇಡೀ ಹಾರನಹಳ್ಳಿಯನ್ನು ಒಳಗೆ ಕೂರಿಸಿ ಮೇಲೆ ಕೊಪ್ಪದ ಪೇಟೆಯನ್ನೂ ಇಟ್ಟರೆ ಇನ್ನೂ ಜಾಗ ಉಳಿಯುವಂತಿತ್ತು. ಇಷ್ಟು ದೊಡ್ಡದು ನೀರಿನ ಮೇಲೆ ಹೇಗೆ ನಿಂತಿದೆ ಎಂದು ಯೋಚಿಸಿದರೆ ತಲೆ ತಿರುಗುತ್ತಿತ್ತು. ರುಕ್ಮಿಣಮ್ಮ ಮಾತ್ರ ಒಳಗೆ ಕಾಲಿಡುವ ಮುಂಚೆ ಬಾಗಿಲ ಕಬ್ಬಿಣವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹಿಂದೆ ಬರುತ್ತಿದ್ದ ಚೀನಾದ ಅಜ್ಜಿಯೊಬ್ಬಳು, ಇದೇ ಪದ್ಧತಿ ಇರಬೇಕು ಎಂದುಕೊಂಡು ತಾನೂ ಹಾಗೇ ಮಾಡಿದಳು.

"ಇಷ್ಟು ಜನಕ್ಕೆ ಅನ್ನ ಬೇಯ್ಸಾ ಒಲೆ ಎಲ್ಲೈತೆ ಕಣ್ರೀ? ಎಷ್ಟು ಜನ ಹೆಣ್ಮಕ್ಳು ಬೇಯ್ತಾವ್ರೋ ಏನೋ" ಎಂದಳು ರುಕ್ಮಿಣಮ್ಮ. ಗಾಜಿನ ಲಿಫ್ಟು, ದೀಪದ ಗೊಂಚಲು, ಹಡಗಿನ ನೆತ್ತಿಯ ಮೇಲಿನ ಈಜುಕೊಳ ಎಲ್ಲವನ್ನೂ ನೋಡಿದ ಮೇಲೆ ಅವಳಿಗೆ ಹುಟ್ಟಿದ ಪ್ರಶ್ನೆ ಇದು. ಹಡಗು ದಡ ಬಿಟ್ಟು ಸುತ್ತ ನೀರೇ ನೀರು ಆದಾಗ ಅವಳೂ ಒಲೆಯ ಚಿಂತೆ ಬಿಟ್ಟು ನೀರು ನೋಡಿದಳು. ಕಬಿನಿ ಹಿನ್ನೀರಿಗೆ ಆಚೆ ದಡ ಅಂತ ಒಂದಿದೆ. ಇದಕ್ಕೆ ಅದೂ ಇರಲಿಲ್ಲ. ಇಬ್ಬರೂ ಕಂಬಿ ಹಿಡಿದು ಕೈ ನೋಯುವ ತನಕ ನಿಂತರು.

ಜವರಯ್ಯ ಬೆಳಗಿನಿಂದ ಏನೂ ತಿಂದಿರಲಿಲ್ಲ. ಬೀಗರೂಟಕ್ಕೆ ಹೋಗುವವನು ಬೆಳಗಿನ ತಿಂಡಿ ತಿಂದು ಹೊಟ್ಟೆ ಕೆಡಿಸಿಕೊಳ್ಳಬಾರದು ಎನ್ನುವುದು ಅವನ ತಾತನ ಕಾಲದಿಂದ ಬಂದ ಶಾಸ್ತ್ರ. ಆ ಶಾಸ್ತ್ರ ಬರೆದವರು ಹಡಗು ಹತ್ತಿದವರಲ್ಲ. ಸಂಜೆ ಏಳಕ್ಕೆ, ಗರಿಗರಿ ಪಂಚೆ ಉಟ್ಟು ಜಪಾನಿನ ಕಾವಲಿಯ ಮುಂದೆ ಕೂತ ಗಳಿಗೆಯಲ್ಲೇ ಹಡಗು ಒಂದಿಷ್ಟು, ಉಗುರಿನಷ್ಟು, ಅಲುಗಿತು. ಉಳಿದ ಡೀಲರುಗಳಿಗೆ ಅದು ಗೊತ್ತೂ ಆಗಲಿಲ್ಲ. ಜವರಯ್ಯನ ಖಾಲಿ ಹೊಟ್ಟೆಗೆ ಚೆನ್ನಾಗಿ ಗೊತ್ತಾಯಿತು. ಅಡುಗೆಯವನು ಮೊಟ್ಟೆಯನ್ನು ಗಾಳಿಯಲ್ಲಿ ತಿರುಗಿಸಿದ. ಜವರಯ್ಯ ಅದನ್ನೇ ನೋಡಿದ. ಮುಂದಿನದನ್ನು ವಿವರಿಸುವುದು ಬೇಡ. ರುಕ್ಮಿಣಮ್ಮ ಒಂದು ತುತ್ತೂ ಬಾಯಿಗಿಡದೆ ಅವನನ್ನು ರೂಮಿಗೆ ನಡೆಸಿಕೊಂಡು ಬಂದು, ತಲೆ ಹಿಡಿದು, ನೀರು ಕುಡಿಸಿ, ರಾತ್ರಿಯೆಲ್ಲ ಬೆನ್ನು ಸವರಿದಳು. ಅವನು ಬಚ್ಚಲಿನ ತೊಟ್ಟಿ ಹಿಡಿದುಕೊಂಡು "ಅವ್ವಾ, ಸತ್ತೆ ಕಣವ್ವಾ" ಎನ್ನುತ್ತಿದ್ದರೆ, ಅವಳು ಕಣ್ಣುಮುಚ್ಚಿ ಏನೋ ಗೊಣಗುತ್ತಿದ್ದಳು.

ಸೋಮವಾರ ಹೊಟ್ಟೆ ತಹಬಂದಿಗೆ ಬಂತು. ನಂಜುಂಡೇಶ್ವರನ ದಯೆಯಿಂದ ಅನ್ನ ಮೊಸರು ಸಿಕ್ಕಿತು. ಆದರೆ ಮನಸ್ಸಿಗೆ ಸಮಾಧಾನವಿಲ್ಲ. ಎರಡು ರಾತ್ರಿಯಲ್ಲಿ ಒಂದನ್ನು ತಾನೇ ಹಾಳು ಮಾಡಿದೆನಲ್ಲ, ಮೊದಲ ಪಂಕ್ತಿಯಲ್ಲಿ ಕೂತವಳನ್ನು ತಾನೇ ಎಬ್ಬಿಸಿಕೊಂಡು ಬಂದೆನಲ್ಲ ಎಂದು ಜವರಯ್ಯ ಒಳಗೊಳಗೇ ನೊಂದುಕೊಂಡ. ಇನ್ನು ಉಳಿದದ್ದು ಮಂಗಳವಾರ ಒಂದೇ. ಅದೂ ತಪ್ಪಿದರೆ ಈ ಜನ್ಮದಲ್ಲಿ ಮತ್ತೆ ಯಾವ ಹಡಗು, ಯಾವ ಪಂಕ್ತಿ?

ಮಂಗಳವಾರ ಬೆಳಿಗ್ಗೆ ಯಾವುದೋ ದ್ವೀಪದಲ್ಲಿ ಇಳಿಸಿ ತಿರುಗಾಡಿಸಿದರು. ಸಂಜೆ ಜವರಯ್ಯ ಹೊಟ್ಟೆಗೆ ಎರಡು ಬಿಸ್ಕತ್ತಿನ ಆಧಾರ ಕೊಟ್ಟು, ಹೆಂಡತಿಗೆ ಮಗಳ ಮದುವೆಯ ರೇಷ್ಮೆ ಸೀರೆ ಉಡಿಸಿ, ಹದಿನಾಲ್ಕನೇ ಅಂತಸ್ತಿಗೆ ಕರೆದುಕೊಂಡು ಹೋದ. ಒಳಗೆ ಕಾಲಿಟ್ಟವರು ಹಾಗೇ ನಿಂತರು. ನೆಲದಿಂದ ಚಾವಣಿಯವರೆಗೆ ಗಾಜು, ಗಾಜಿನಾಚೆ ಸೂರ್ಯ ಮುಳುಗುತ್ತಿರುವ ಸಮುದ್ರ. ಒಂದು ಕಡೆ ಕೆಂಡದ ಮೇಲೆ ಬಾಡು ಚಟಪಟ ಎನ್ನುತ್ತಿತ್ತು. ಇವರದೇ ಮೊದಲ ಮೇಜು. ಇನ್ನೂ ಬೇರೆ ಯಾರೂ ಬಂದಿರಲಿಲ್ಲ. ರುಕ್ಮಿಣಮ್ಮ ಮೆತ್ತನೆಯ ಕುರ್ಚಿಯ ತುದಿಯಲ್ಲಿ ಕೂತು, ಯಾರಾದರೂ ಎಬ್ಬಿಸುತ್ತಾರೇನೋ ಎನ್ನುವಂತೆ ಹಿಂದೆ ಮುಂದೆ ನೋಡಿದಳು. ಜವರಯ್ಯನ ಕಣ್ಣು ತುಂಬಿ ಬಂತು. (ಕೆಂಡದ ಹೊಗೆ ಎಂದು ಆಮೇಲೆ ಹೇಳಿದ. ಅಲ್ಲಿ ಹೊಗೆ ಇರಲಿಲ್ಲ.)

ಬಡಿಸುವವನು ವಯನಾಡಿನ ಕಡೆಯ ಸುನೀಲ್‌ಕುಮಾರ್. ಮೈಸೂರಿನ ಹೋಟೆಲಿನಲ್ಲಿ ಹತ್ತು ವರ್ಷ ಇದ್ದವನಂತೆ, ಕನ್ನಡ ಬರುತ್ತಿತ್ತು. "ಅಮ್ಮ, ಕುರಿ ತೊಡೆ ಎರಡು ಪ್ಲೇಟ್ ತರಲಾ?" ಎಂದು ಕೇಳಿದ.

"ಒಂದು ಸಾಕು ಕಣಪ್ಪ" ಎಂದಳು ರುಕ್ಮಿಣಮ್ಮ.

ಜವರಯ್ಯ ಕುರ್ಚಿಯಲ್ಲಿ ನೆಟ್ಟಗೆ ಕೂತ. ನೋಡಿ, ಇಲ್ಲಿಗೆ ಬಂದರೂ ಗಂಡನಿಗೆ ಹಾಕಿಸಿ ತಾನು ಉಳಿದದ್ದು ತಿನ್ನುವ ಬುದ್ಧಿ! "ಲೇ, ಇವತ್ತು ಆ ಕತೆ ನಡೆಯಾಕಿಲ್ಲ. ಎರಡು ತತ್ತಾರಪ್ಪ. ಇವತ್ತು ನೀನು ಉಣ್ಣಬೇಕು ಅಮ್ಮಿ!"

"ನಾನು ಉಣ್ತೀನಿ ಕಣ್ರೀ" ಎಂದಳು ಅವಳು ತಣ್ಣಗೆ. "ನಿಮಗೇ ಇಲ್ಲ."

"ಆಂ?"

"ಭಾನುವಾರ ಸತ್ತೆ ಸತ್ತೆ ಅಂತಿದ್ರಲ್ಲ, ಆವಾಗ ಮಸಣಿಕಮ್ಮಂಗೆ ಹರಕೆ ಕಟ್ಕಂಡೆ. ನಮ್ ಯಜಮಾನ್ರು ಸುಸೂತ್ರವಾಗಿ ಪಿರಿಯಾಪಟ್ಟಣಕ್ಕೆ ಬಂದು ನಿನ್ನ ಗುಡಿ ಮುಂದೆ ನಿಲ್ಲೋಗಂಟ ಅವ್ರು ಬಾಡು ಮುಟ್ಟಾಕಿಲ್ಲ, ಕಾಪಾಡವ್ವಾ ಅಂತ."

"ನನ್ನ ಹರಕೆ ನೀನು ಎಂಗೆ ಕಟ್ಕಂಡೆ? ಕಟ್ಕಳಾದಾದ್ರೆ ನಿನ್ನ ಬಾಡು ಬುಡಬೇಕಿತ್ತು!"

"ವಾಂತಿ ಮಾಡ್ತಿದ್ದೋರು ನೀವು. ಕಾಯ್ಲೆ ನಿಮ್ದು, ಹರಕೆ ನಂದಾ? ಸೌಂದರ್ಯ ಚಿಕ್ಕೋಳಿದ್ದಾಗ ಮೈಮ್ಯಾಲೆ ಅಮ್ಮ ಎದ್ದಾಗ ಮುಡಿ ಕೊಡ್ತೀನಿ ಅಂತ ನೀವು ಕಟ್ಕಂಡ್ರಿ. ತಲೆ ಬೋಳಿಸ್ಕಂಡೋಳು ಯಾರು? ಅವ್ಳು. ಆವಾಗ ಅವ್ಳನ್ನ ಕೇಳುದ್ರಾ?"

ಜವರಯ್ಯ ವಕೀಲನಂತೆ ಕೊನೆಯ ಅಸ್ತ್ರ ತೆಗೆದ. "ಬೆಳಿಗ್ಗೆ ದ್ವೀಪದಲ್ಲಿ ಇಳಿದ್ವಲ್ಲ! ನೆಲ ಮುಟ್ಟಿದ್ದಾಯ್ತಲ್ಲ!"

"ಅಲ್ಲಿ ಮಸಣಿಕಮ್ಮನ ಗುಡಿ ಇತ್ತಾ?"

ಇರಲಿಲ್ಲ.

"ಓಗ್ಲಿ, ಮೊದ್ಲೇ ಯಾಕೆ ಹೇಳ್ಲಿಲ್ಲ?"

"ನಿನ್ನೆ ಸೋಮವಾರ, ಎಂಗೂ ತಿನ್ನಾಕಿಲ್ಲ, ಸುಮ್ನೆ ಯಾಕೆ ಬೇಜಾರು ಮಾಡಾದು ಅಂದ್ಕಂಡೆ. ಇವತ್ತು ದ್ವೀಪ ನೋಡಿ ಮರ್ತೇ ಓಯ್ತು" ಎಂದವಳು ಸುನೀಲ್‌ಕುಮಾರನ ಕಡೆ ತಿರುಗಿ, "ಇವ್ರಿಗೆ ಬೇಯ್ಸಿದ್ದು ತರಕಾರಿ ಏನಾರ ಐತಾ ನೋಡಪ್ಪ. ಖಾರ ಬ್ಯಾಡ" ಎಂದಳು.

ಕುರಿ ತೊಡೆ ಬಂತು. ಅದರ ಕಂಪನ್ನು ಬಣ್ಣಿಸಲು ಜವರಯ್ಯನಿಗೆ ಇವತ್ತಿಗೂ ಆಗುವುದಿಲ್ಲ. ಅವನ ಮುಂದೆ ಮೂರು ತುಂಡು ಕ್ಯಾರೆಟ್ಟು, ಒಂದು ಹೂಕೋಸು ಬಂದು ಕೂತವು. ರುಕ್ಮಿಣಮ್ಮ ಚಾಕು ಚಮಚವನ್ನು ಪಕ್ಕಕ್ಕೆ ಸರಿಸಿ, ಕೈ ಮುಗಿದು, ಮೊದಲ ತುಂಡನ್ನು ಬಾಯಿಗಿಟ್ಟಳು. ಅಗಿದಳು. ನಿಲ್ಲಿಸಿದಳು. ಕಣ್ಣು ಅರಳಿತು. ಕುರ್ಚಿಯ ತುದಿಯಿಂದ ಹಿಂದಕ್ಕೆ ಸರಿದು ಬೆನ್ನು ಒರಗಿಸಿ ಕೂತಳು. ಆಮೇಲೆ ಅವಳು ಯಾರ ಕಡೆಯೂ ನೋಡಲಿಲ್ಲ.

ಜವರಯ್ಯ ನೋಡುತ್ತಲೇ ಇದ್ದ. ಹದಿನೇಳು ಅಂತಸ್ತಿನ ಹಡಗು, ದಡವಿಲ್ಲದ ಸಮುದ್ರ ಎಲ್ಲ ನೋಡಿ ಬೆರಗಾದವನು ಇದನ್ನು ನೋಡುತ್ತಾ ತನ್ನ ಹೂಕೋಸನ್ನೇ ಮರೆತ. ಇಪ್ಪತ್ತೆಂಟು ವರ್ಷ ಜೊತೆಗಿದ್ದೂ ಇವಳು ಸಮಾಧಾನವಾಗಿ ಉಣ್ಣುವಾಗ ಎಡಗೆನ್ನೆಯಲ್ಲಿ ಸಣ್ಣ ಗುಳಿ ಬೀಳುತ್ತದೆ ಎನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಹೊಟ್ಟೆ ಮಾತ್ರ, ಮರ್ಯಾದೆಯಿಲ್ಲದ್ದು, ಗುರ್ರ್ ಎನ್ನುತ್ತಿತ್ತು.

ತಟ್ಟೆ ಖಾಲಿಯಾಗುವ ಹೊತ್ತಿಗೆ, ಡೀಲರುಗಳ ಜೊತೆ ಹಡಗು ಹತ್ತಿದ್ದ ಕಂಪನಿಯ ಪವಿತ್ರಾ ಓಡಿ ಬಂದಳು. "ಸಾರ್, ಗುಡ್ ನ್ಯೂಸ್! ಭಾನುವಾರ ನೀವು ಊಟಾನೇ ಮಾಡ್ಲಿಲ್ವಲ್ಲ, ನಾನು ಹೋಗಿ ಮಾತಾಡಿದೆ. ಅದರ ಬದಲು ನಾಳೆ ರಾತ್ರಿಗೆ ಇದೇ ಮೇಜು ಕೊಡ್ತಾರಂತೆ. ಹಾಕಿಸ್ಲಾ?"

"ಅಯ್ಯೋ ಬ್ಯಾಡ ಬುಡವ್ವ, ನಿನಗ್ಯಾಕೆ ತೊಂದ್ರೆ..." ಎಂದು ಜವರಯ್ಯ ಗಾಬರಿಯಿಂದ ಬಾಯಿ ತೆರೆದ.

"ಹಾಕ್ಸು ಕಣವ್ವ, ಬತ್ತೀವಿ" ಎಂದಳು ರುಕ್ಮಿಣಮ್ಮ, ಮೂಳೆ ಚೀಪುತ್ತಾ.

"ನಾನು ಬಂದು ಏನು ಮಾಡ್ಲಿ ಅಮ್ಮಿ?"

"ಎದ್ರುಗಡೆ ಕೂತ್ಕಳಿ" ಎಂದಳು ಅವಳು. "ಒಬ್ಳೇ ಕೂತ್ರೆ ಉಣ್ಣಕ್ಕೆ ಸೇರಾಕಿಲ್ಲ."