ವರ್ತಕರು ಕೂರತಕ್ಕದ್ದಲ್ಲ

‘ವರ್ತಕ’ ಎಂಬ ಪದದ ಮೂಲಾರ್ಥವು ‘ತಿರುಗುವವನು’ ಎಂದು ಪುರಸಭೆಯ ಪದಮೂಲ ಸಮಿತಿಯು ಸರ್ವಾನುಮತದಿಂದ ತೀರ್ಮಾನಿಸಿತು. ಆದಕಾರಣ, ಪರವಾನಗಿ ಹೊಂದಿದ ವರ್ತಕರು ವ್ಯಾಪಾರದ ವೇಳೆಯಲ್ಲಿ ಎಡೆಬಿಡದೆ ತಿರುಗುತ್ತಿರತಕ್ಕದ್ದು. ಕೂತದ್ದು ಕಂಡುಬಂದಲ್ಲಿ ಪರವಾನಗಿ ರದ್ದಾಗತಕ್ಕದ್ದು.

ಈ ಪ್ರಕಟಣೆಯನ್ನು ಬಸ್ ನಿಲ್ದಾಣದ ಮೆಟ್ಟಿಲ ಕೆಳಗೆ, ಸರಿಯಾಗಿ ಸೂಜಿಯಮ್ಮನ ತಲೆಯ ಮೇಲೆ ಅಂಟಿಸಲಾಯಿತು. ಗಂಡ ಹೋದಾಗಿನಿಂದ ಅವಳು ಅಲ್ಲೇ ಕೂತು ಸೂಜಿ, ದಾರ, ಅಂಗಿಯ ಗುಂಡಿ ಮಾರುತ್ತಿದ್ದಳು. ಆ ಮೂಲೆಯಲ್ಲಿ ಕೂತೇ ಮಗನನ್ನು ಸಾಕಿದ್ದಳು, ಮನೆಗೆ ಸೊಸೆ ತಂದಿದ್ದಳು. ಮಂಡಿಗಳು ಕೈಕೊಟ್ಟು ಎಷ್ಟೋ ಕಾಲವಾಗಿತ್ತು. ಆ ಮೂಲೆಯೊಂದೇ ಅವಳನ್ನು ಇನ್ನೂ ಕೈಬಿಟ್ಟಿರಲಿಲ್ಲ.

ಪ್ರಕಟಣೆಯನ್ನು ಯಾರೋ ಓದಿ ಹೇಳಿದ ಮೇಲೆ ಅವಳು ಗೋಡೆ ಹಿಡಿದುಕೊಂಡು ಪುರಸಭೆಗೆ ಹೋದಳು. ಸಮಿತಿಯ ಅಧ್ಯಕ್ಷರು ಮೆತ್ತನೆಯ ಕುರ್ಚಿಯಲ್ಲಿ ಕೂತಿದ್ದರು. ಅವರಿಗೆ ಪದಗಳೆಂದರೆ ಪಂಚಪ್ರಾಣ. ಮೆಟ್ಟಿಲ ಕೆಳಗಿನ ಮೂಲೆಯ ಮೇಲೆ ಅವರ ಭಾವಮೈದುನನ ಕಣ್ಣು ಬಿದ್ದ ವಾರವೇ ಈ ಪ್ರೀತಿ ಹುಟ್ಟಿದ್ದು ಕೇವಲ ಕಾಕತಾಳೀಯ.

“ಸ್ವಾಮಿ, ಕೂತ್ರೆ ಏಳೋಕಾಗಲ್ಲ, ಎದ್ರೆ ನಡೆಯೋಕಾಗಲ್ಲ. ನನ್ನನ್ನೊಬ್ಬಳನ್ನ ಬಿಟ್ಟುಬಿಡಿ.”

“ನಾನು ಬಿಟ್ಟೇನಮ್ಮ, ಪದ ಬಿಡಬೇಕಲ್ಲ,” ಎಂದರು ಅಧ್ಯಕ್ಷರು, ನಿಜವಾದ ನೋವಿನಿಂದ.

“ಆ ಪದಕ್ಕೆ ಬೇರೆ ಅರ್ಥವೇ ಇಲ್ವಾ?”

ಅಧ್ಯಕ್ಷರು ಪಕ್ಕದಲ್ಲಿದ್ದ ಸಮಿತಿಯ ಪಂಡಿತರ ಕಡೆ ನೋಡಿದರು. ಪಂಡಿತರು ಗಂಟಲು ಸರಿಮಾಡಿಕೊಂಡರು. “ಇದೆ. ಅದರ ಮೂಲಕ್ಕೆ ಇರೋದು, ಬದುಕೋದು ಅಂತಲೂ ಅರ್ಥ ಇದೆ. ಆದರೆ ಸಭೆಯಲ್ಲಿ ಬದುಕೋದಕ್ಕೆ ಅನುಮೋದಕರು ಸಿಗಲಿಲ್ಲ.”

“ನೀವಾದ್ರೂ ಕೈ ಎತ್ತಬಹುದಿತ್ತಲ್ಲ?”

“ಆಗ ಬಿಸ್ಕತ್ತು ಕೊಡ್ತಾ ಇದ್ರು. ಕೈ ಖಾಲಿ ಇರಲಿಲ್ಲ.”

ಉತ್ತರ ಸಮರ್ಪಕವಾಗಿದ್ದುದರಿಂದ ಸಭೆ ಮುಗಿಯಿತು.

ಮರುದಿನ ಸೂಜಿಯಮ್ಮ ತಟ್ಟೆಗೆ ಹಗ್ಗ ಕಟ್ಟಿ ಕೊರಳಿಗೆ ನೇತುಹಾಕಿಕೊಂಡು ನಿಲ್ದಾಣವನ್ನು ಸುತ್ತತೊಡಗಿದಳು. ಅವಳ ಹಿಂದೆ ಗಿರಾಕಿಗಳು ಸುತ್ತಿದರು. ದರ್ಜಿಯೊಬ್ಬ ಬಟ್ಟೆಯ ತುಂಡು ಹಿಡಿದು, ಅದೇ ಬಣ್ಣದ ದಾರ ಹುಡುಕುತ್ತಾ ಓಡಿಯೇ ಓಡಿದ. ನೆರಳಿನಲ್ಲಿ ನೀಲಿಯಾಗಿ ಕಂಡದ್ದು ಬಿಸಿಲಿನಲ್ಲಿ ಹಸಿರಾಯಿತು. ಮೊದಮೊದಲು ಜನ ಗೊಣಗಿದರು. ನಡೆದರೆ ಆರೋಗ್ಯಕ್ಕೆ ಒಳ್ಳೆಯದೆಂದು ಪುರಸಭೆ ಇನ್ನೊಂದು ಪ್ರಕಟಣೆ ಹೊರಡಿಸಿದ ಮೇಲೆ ಸುಮ್ಮನಾದರು. ಮಂಡಿನೋವು ಹೆಚ್ಚಾಗಿ ಸೂಜಿಯಮ್ಮನಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ತಿರುಗುತ್ತಲೇ ಒರೆಸಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಖಾಲಿಯಾದ ಮೂಲೆಗೆ ಗಾಜಿನ ಬಾಗಿಲು ಬಂತು. ಒಳಗೆ ಭಾವಮೈದುನ ಕೂತು ಸೂಜಿ, ದಾರ, ಗುಂಡಿ ಮಾರತೊಡಗಿದ. ಸೂಜಿಯಮ್ಮ ಪರವಾನಗಿ ತನಿಖೆಗೆ ಬಂದ ಇನ್‌ಸ್ಪೆಕ್ಟರನ್ನು ಕೇಳಿಯೇಬಿಟ್ಟಳು.

“ಅವರು ಕೂತಿದ್ದಾರಲ್ಲ ಸಾರ್?”

“ಕೂತಿದ್ದಾರೆ. ಹಾಗಾಗಿ ಅವರು ವರ್ತಕರಲ್ಲ. ವರ್ತಕರಲ್ಲದವರಿಗೆ ಪರವಾನಗಿ ಯಾಕಮ್ಮ?”

ಸೂಜಿಯಮ್ಮನ ಮುಖ ಅರಳಿತು. “ಹಾಗಾದ್ರೆ ನಾನೂ ಕೂತುಬಿಡ್ತೀನಿ!”

“ಧಾರಾಳವಾಗಿ,” ಎಂದರು ಇನ್‌ಸ್ಪೆಕ್ಟರು, ಸುತ್ತ ಒಮ್ಮೆ ನೋಡಿ. “ಜಾಗ ಎಲ್ಲಿದೆ?”

ನಿಯಮದಲ್ಲಿ ಎಲ್ಲೂ ತಪ್ಪಿರಲಿಲ್ಲ. ಅವಳು ಮತ್ತೆ ತಿರುಗಲು ಹೊರಟಳು.

ಅಂದು ಸಂಜೆ ಅಡುಗೆಮನೆಯಲ್ಲಿ ಊಟದ ತಟ್ಟೆ ಹಿಡಿದು ಸುತ್ತುತ್ತಿದ್ದವಳನ್ನು ಕಂಡು ಸೊಸೆ ಹೇಳಿದಳು, “ಅತ್ತೆ, ಮನೆಯಲ್ಲಾದ್ರೂ ಕೂತು ಊಟ ಮಾಡಿ.”

“ಕಿಟಕಿ ತೆಗೆದಿದೆ ಕಣೇ. ಯಾರಾದ್ರೂ ನೋಡಿದ್ರೆ?”

ಸೊಸೆ ಯೋಚಿಸಿದಳು. ಅತ್ತೆಯ ಮಾತು ಸರಿಯೆನಿಸಿತು. ಅನ್ನದ ಪಾತ್ರೆ ಎತ್ತಿಕೊಂಡು, ಬಡಿಸುತ್ತಾ ಹಿಂದೆಯೇ ಸುತ್ತತೊಡಗಿದಳು. ದಾರಿಗೆ ಅಡ್ಡವಾಗಿದ್ದ ಕುರ್ಚಿಯನ್ನು ಮಗ ಎತ್ತಿ ಹೊರಗಿಟ್ಟು ಬಂದ.