ಆಕಾಶ ಎಣಿಸುವ ಪೆಟ್ಟಿಗೆ

ನಮ್ಮ ಯಜಮಾನರು ತಾಳಿ ಕಟ್ಟಿದ್ದು ನನಗೇ, ಆದರೆ ಸಂಸಾರ ಮಾಡಿದ್ದು ಸ್ಟಾಪ್‌ವಾಚಿನ ಜೊತೆ! ಸೇಲಂನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಪ್ರಯೋಗ ಹೇಳಿಕೊಡುತ್ತಿದ್ದರು. ಸಂಜೆ ಪ್ರಯೋಗಶಾಲೆಗೆ ಬೀಗ ಬಿದ್ದರೂ ಅವರ ಪ್ರಯೋಗಕ್ಕೆ ಬೀಳಬೇಕಲ್ಲ? ಸಾರು ಕುದಿಯುವುದಕ್ಕೂ ಗುಂಡಿ ಒತ್ತುವರು, ಎದುರುಮನೆಯಾಕೆಯ ಆಕಳಿಕೆಗೂ ಒತ್ತುವರು. ನಾನು ಮುನಿಸಿಕೊಂಡು ಗೋಡೆ ಕಡೆ ತಿರುಗಿದರೆ ಟಕ್. ತಡೆಯಲಾರದೆ ಬಾಯಿಬಿಟ್ಟರೆ ಮತ್ತೆ ಟಕ್.

"ಓದ ಸಲಕ್ಕಿಂತ ಬೇಗ ಮುಗೀತು. ಪರವಾಗಿಲ್ಲ" ಎನ್ನುವರು. ಇಂಥವರ ಮೇಲೆ ಮುನಿಸಿಕೊಂಡು ಏನು ಸುಖ ಹೇಳಿ?

ತಮಾಷೆಯೆಂದರೆ, ಅವರು ಹುಟ್ಟಿದ್ದು ಎಣಿಸಲೇಬಾರದೆಂಬ ಮನೆಯಲ್ಲಿ. ಅದಿಯಮಾನ್‌ಕೋಟೆಯ ಬಳಿ ಕುರಿ ಸಾಕುವ ವಂಶ. ಬೆರಳಿಟ್ಟು ಎಣಿಸಿದರೆ ಮಂದೆಗೆ ದೃಷ್ಟಿಯಾಗುತ್ತದೆಂದು ನಮ್ಮತ್ತೆ ದೊಡ್ಡಿಯ ಬಾಗಿಲಲ್ಲಿ ನಿಂತು ಒಂದೊಂದರ ಮುಖ ನೋಡಿ ಒಳಗೆ ಬಿಡುವರು, ಅಷ್ಟೆ. ಅವರ ಹೊಟ್ಟೆಯಲ್ಲಿ ಇವರು!

ಆಮೇಲೆ ಇವರಿಗೆ ರೇಡಿಯೋ ವಾಲ್ವುಗಳ ಹುಚ್ಚು ಹಿಡಿಯಿತು. ವಾಲ್ವು, ಒಂದು ಗಾಜಿನ ಕೊಳವೆ, ಅಂಕಿಗಳ ಚಕ್ರ ಎಲ್ಲ ಸೇರಿಸಿ ಪೆಟ್ಟಿಗೆಯೊಂದನ್ನು ಕಟ್ಟಿದರು. ಆಕಾಶದಿಂದ ಬಂದ ಕಾಣದ ಕಿರಣ ಕೊಳವೆಯನ್ನು ಹಾದರೆ ಪೆಟ್ಟಿಗೆ ಕಿಟ್ ಎನ್ನುವುದು, ಚಕ್ರ ಒಂದಂಕಿ ಮುಂದೆ ಸರಿಯುವುದು.

"ನಕ್ಷತ್ರದ ಆಚೆಯಿಂದ ಬರ್ತವೆ ಕಣೇ. ಹಂಚು, ಗೋಡೆ, ನೀನು, ನಾನು, ಎಲ್ಲಾದರೊಳಗೂ ತೂರಿ ಓಗ್ತವೆ" ಎಂದರು.

ನನ್ನೊಳಗೂ ನಕ್ಷತ್ರದಾಚೆಯದು ಹಾಯುತ್ತಿದೆಯೇ! ನಾನು ಸೌಟು ಹಿಡಿದು ಮಾಡಿನ ಹಂಚು ನೋಡುತ್ತ ಎಷ್ಟು ಹೊತ್ತು ನಿಂತೆನೋ. ಒಲೆಯ ಮೇಲಿನ ಬೇಳೆ ಸೀದುಹೋಯಿತು.

ಬೆಂಗಳೂರಿನಲ್ಲಿ ದೊಡ್ಡ ವಿಜ್ಞಾನಿಯೊಬ್ಬರು ಒಂದು ಸಂಜೆ ಈ ಪೆಟ್ಟಿಗೆ ನೋಡಲು ಒಪ್ಪಿದರು. ಅದರ ಮಾರನೆಯ ದಿನವೇ ಅವರು ಪರದೇಶಕ್ಕೆ ಹೊರಡುವವರು. ಅವರೆದುರು ಸರಿಯಾಗಿ ಎಣಿಸಿದರೆ ಇವರಿಗೆ ಅಲ್ಲೇ ಸಂಶೋಧನೆಗೆ ಜಾಗ. ಇವರ ಬದುಕಿನ ಆಸೆಯೇ ಅದು. ಪೆಟ್ಟಿಗೆಗೆ ಬೇಕಾದ ಬ್ಯಾಟರಿ ಮದ್ರಾಸಿನಿಂದ ಬಂದದ್ದು, ಇದ್ದದ್ದೇ ಒಂದು ಜೊತೆ. ಸವೆದೀತೆಂದು ಅದನ್ನು ನನಗೆ ಮುಟ್ಟಲೂ ಬಿಡುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಬಸ್ಸಿನಲ್ಲಿ ಪೆಟ್ಟಿಗೆಗೆ ಕಿಟಕಿ ಪಕ್ಕದ ಸೀಟು, ನನಗೆ ಕಂಬಿ! ಓಮಲೂರಿನಲ್ಲಿ ಕಂಡಕ್ಟರ್ ಪೆಟ್ಟಿಗೆಯಲ್ಲೇನಿದೆಯೆಂದು ತಮಿಳಿನಲ್ಲಿ "ಪೆಟ್ಟಿಯಿಲೆ ಎನ್ನಮ್ಮಾ, ಕೋಳಿಯಾ?" ಎಂದು ಕೇಳಿದ.

"ಆಕಾಶಪ್ಪಾ" ಎಂದೆ. ಆತ ಟಿಕೆಟ್ ಹರಿದುಕೊಟ್ಟು ಮುಂದಕ್ಕೆ ಹೋದ.

ದಾರಿಯಲ್ಲೇ ಇವರ ಊರು, ಅತ್ತೆಯ ಆಶೀರ್ವಾದ ಪಡೆದು ಮಧ್ಯಾಹ್ನದ ಬಸ್ಸು ಹಿಡಿಯುವುದೆಂದು ಇಳಿದೆವು. ಮಾವ ತೀರಿಕೊಂಡ ಮೇಲೆ ಅತ್ತೆಗೆ ನಿದ್ದೆಯೇ ಇರಲಿಲ್ಲ. ಕಣ್ಣು ಗುಳಿಬಿದ್ದಿದ್ದವು. ಅದನ್ನು ಕಂಡು ಇವರಿಗೆ ಏನನ್ನಿಸಿತೋ, "ಒಂದು ಗಳಿಗೆ ಕೇಳವ್ವ" ಎಂದು ಪೆಟ್ಟಿಗೆ ಬಿಚ್ಚಿ ಬ್ಯಾಟರಿ ಜೋಡಿಸಿದರು.

ಕಿಟ್. ಕಿಟ್ ಕಿಟ್. ತುಸು ಬಿಡುವು. ಮತ್ತೆ ಕಿಟ್.

ಅತ್ತೆ ತಲೆ ವಾಲಿಸಿ ಕೇಳಿದರು. "ನಿಮ್ಮಪ್ಪ ಜಗಲಿ ಮೇಲೆ ಕುಂತು ಉಣ್ಣೆ ಕತ್ತರಿಸ್ತಿದ್ದಂಗೇ ಐತಲ್ಲೋ" ಎಂದರು. ಕಂಬಳಿಯ ಮೇಲೆ ಒರಗಿದರು. ನೋಡನೋಡುತ್ತ ಮಗುವಿನಂತೆ ನಿದ್ದೆ ಹೋದರು.

ಹೊರಗೆ ಬಿಸಿಲು, ಕುರಿಗಳ ಮೆಲುಕು, ಒಳಗೆ ಆ ಸದ್ದು. ನನಗೂ ಎಚ್ಚರವೋ ಕನಸೋ ತಿಳಿಯದಂತಾಯಿತು. ಅಷ್ಟರಲ್ಲಿ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

"ಬಸ್ಸು ಬಂತು ನೋಡಿ. ಪೆಟ್ಟಿಗೆ ನಿಲ್ಸಿ, ಬ್ಯಾಟರಿ ಇಳಿದುಹೋಗ್ತದೆ" ಎಂದು ಪಿಸುಗುಟ್ಟಿದೆ.

"ನಿಲ್ಸಿದ್ರೆ ಅವ್ವ ಎದ್ದುಬಿಡ್ತಾಳೆ ಕಣೇ."

ಬಸ್ಸು ಹೋಯಿತು. ಇವರು ಕದಲಲಿಲ್ಲ. ಚಕ್ರದ ಕಡೆಗೂ ನೋಡದೆ ತಾಯಿಯ ಮುಖವನ್ನೇ ನೋಡುತ್ತ ಕುಳಿತಿದ್ದರು. ಸದ್ದು ವಿರಳವಾಗುತ್ತ ಬಂತು. ಬೆಂಗಳೂರು ಕೈತಪ್ಪಿತೆಂದು ನನಗೆ ಅಳು ಬಂತು, ಈ ಮನುಷ್ಯನ ಮೇಲೆ ಎಂದೂ ಬಾರದಷ್ಟು ಪ್ರೀತಿಯೂ ಬಂತು.

ಪೆಟ್ಟಿಗೆ ಪೂರ್ತಿ ನಿಂತು ಎಷ್ಟೋ ಹೊತ್ತಿನ ಮೇಲೆ ಅತ್ತೆ ಕಣ್ಣುಬಿಟ್ಟರು.

"ಅಯ್ಯೋ, ಬಸ್ಸು ಓಯ್ತೇನ್ಲಾ?"

"ಓಗ್ಲಿ ಬಿಡವ್ವ" ಎಂದು ಇವರು ಕಂಬಳಿ ಸರಿಪಡಿಸಿದರು. "ನಿದ್ದೆ ಬಂತಾ?"