ಗಡಂಗಿನ ಹಿಂಬಾಗಿಲು

ಕಾಸರಗೋಡು ಪೇಟೆಯ ಹಳೆಯ ಕಳ್ಳಿನ ಗಡಂಗಿನಲ್ಲಿ ಮೀನು ಹುರಿಯುವ ಕೆಲಸ ನನ್ನದು. ಅಲ್ಲಿ ನಗಲಿಕ್ಕೆ ಕುಡಿಯಲೇಬೇಕೆಂದಿಲ್ಲ, ಬಾಣಲೆಯ ಎದುರು ನಿಂತರೂ ಸಾಕು.

ಎರಡು ಬಾಗಿಲು

ಕೆಂಪುಕಲ್ಲಿನ ಗೋಡೆ, ಹೆಂಚಿನ ಮಾಡು, ಒಳಗೆ ತಡಿಕೆ ಹಾಕಿದ ಸಣ್ಣ ಸಣ್ಣ ಕೋಣೆಗಳು. ಕೂತವರು ಒಬ್ಬರಿಗೊಬ್ಬರು ಕಾಣುವುದಿಲ್ಲ. ಕಟ್ಟಿಸಿದ್ದು ನಮ್ಮ ಧಣಿಯ ಅಜ್ಜ. ಬಸ್ಸಿನ ರಸ್ತೆಗೆ ಒಂದು ಬಾಗಿಲು, ಮರ್ಯಾದಸ್ಥರಿಗೆಂದು ಹಿಂದಿನ ಓಣಿಗೆ ಇನ್ನೊಂದು. ಬರಬರುತ್ತಾ ಊರಿನವರೆಲ್ಲ ಮರ್ಯಾದಸ್ಥರಾದರು. ಓಣಿಯಲ್ಲಿ ನೂಕುನುಗ್ಗಲು, ಮುಂಬಾಗಿಲಿನಲ್ಲಿ ನೊಣ ಹೊಡೆಯುವ ಕೆಲಸ. ನಿವೃತ್ತ ಮಾಷ್ಟ್ರೊಬ್ಬರು ಮಾತ್ರ ರಾಜಾರೋಷವಾಗಿ ಮುಂದಿನಿಂದ ಬರುತ್ತಿದ್ದರು.

"ಎಂತ ಮಾಷ್ಟ್ರೇ, ಹೆದರಿಕೆ ಇಲ್ವಾ?" ಎಂದೆ.

"ಹಿಂದಿನಿಂದ ಬಂದ್ರೆ ನನ್ನ ಶಿಷ್ಯರೆಲ್ಲ ಸಿಗ್ತಾರೆ ಮಾರಾಯ!"

ಚರಿತ್ರೆ

ಹಳೆ ಕಟ್ಟಡಗಳ ಚರಿತ್ರೆ ಬರೆಯುವ ಕಾಲೇಜು ಹುಡುಗಿಯೊಬ್ಬಳು ಎದುರಿನ ಜವಳಿ ಅಂಗಡಿಯ ಯಜಮಾನರನ್ನು ನಮ್ಮ ಗಡಂಗಿನ ಬಗ್ಗೆ ವಿಚಾರಿಸಿದಳು.

"ನನಗೆಂತ ಗೊತ್ತುಂಟು ಮಗಳೇ? ನಾನು ಒಳಗೆ ಕಾಲಿಟ್ಟವನೇ ಅಲ್ಲ."

ಅವಳು ಹೊರಟಾಗ ಮೆಲ್ಲ ಕರೆದರು: "ಆ ಕಿಟಕಿ ಬದಿಯ ಬೆಂಚಿನ ಮೇಲೆ ಹೆಂಚು ಸೋರ್ತದೆ. ಸರಿ ಮಾಡ್ಲಿಕ್ಕೆ ಹೇಳು, ಆಯ್ತಾ?"

ಗೋಡೆ

ಕಳೆದ ಮಳೆಗಾಲ ಹಿಂದಿನ ಗೋಡೆ ಬಿರುಕುಬಿಟ್ಟಿತು. ಆ ಬಾಗಿಲನ್ನು ಕಲ್ಲಿಟ್ಟು ಮುಚ್ಚದಿದ್ದರೆ ಮಾಡೇ ಕುಸಿಯುತ್ತದೆ ಎಂದರು ಇಂಜಿನಿಯರು. ಧಣಿ ಮುಚ್ಚಿಸಿದರು. ಅಲ್ಲಿಗೆ ಗಿರಾಕಿಗಳೂ ಬಂದ್. ಬಸ್ಸಿಗೆ ಕಾಯುವವರ ಹಾಗೆ ರಸ್ತೆಯಲ್ಲಿ ನಿಂತು, ಹುರಿದ ಮೀನಿನ ಪರಿಮಳ ಎಳೆದುಕೊಂಡು, ಕೊನೆಗೆ ನಿಜವಾಗಿಯೂ ಬಸ್ಸು ಹತ್ತಿ ಹೋಗುತ್ತಿದ್ದರು. ನನ್ನ ಬಂಗುಡೆ ಬೆಕ್ಕಿನ ಪಾಲಾಯಿತು.

"ಅಜ್ಜನ ಗಡಂಗು ನನ್ನ ಕೈಯಲ್ಲೇ ಮುಚ್ಚುವುದಾ?" ಎಂದು ಧಣಿ ಕಣ್ಣೊರೆಸಿಕೊಂಡಾಗ ನನಗೂ ಸಂಕಟವಾಯಿತು.

ಉಳಿದಿದ್ದ ಒಬ್ಬನೇ ಗಿರಾಕಿ ಮಾಷ್ಟ್ರು. ಅವರು ಗ್ಲಾಸು ಕೆಳಗಿಟ್ಟು ಹೇಳಿದರು: "ಮುಂದಿನ ಬೋರ್ಡು ತೆಗೆದು ಓಣಿಯ ಗೋಡೆಗೆ ಹೊಡೀರಿ. ಈ ಮುಂಬಾಗಿಲಿಗೆ ಒಂದು ಹರಕು ಗೋಣಿ ತೂಗುಹಾಕಿ. ನನಗೆ ಶಿಷ್ಯರು ಸಿಕ್ಕಿದ್ರೆ ಸಿಗ್ಲಿ."

ಹಾಗೆಯೇ ಮಾಡಿದೆವು. ಮರುದಿನ ಸಂಜೆ ಸೋರುವ ಹೆಂಚಿನ ಕೆಳಗಿನದೊಂದು ಬಿಟ್ಟು ಬೆಂಚುಗಳೆಲ್ಲ ಭರ್ತಿ, ನನಗೆ ಮೀನು ಸಾಲಲಿಲ್ಲ. ಅಷ್ಟರಲ್ಲಿ ಗೋಣಿ ಸರಿಸಿಕೊಂಡು ಜವಳಿ ಅಂಗಡಿಯ ಯಜಮಾನರು ಒಳಬಂದರು. ಯಾರನ್ನೂ ಕೇಳದೆ ಸೀದಾ ಕಿಟಕಿ ಬದಿಯ ಬೆಂಚಿಗೆ ಹೋಗಿ ಕೂತು, ಮೇಲೆ ಹೆಂಚನ್ನೊಮ್ಮೆ ನೋಡಿ, ಧಣಿಗೆ ಹೇಳಿದರು:

"ಈ ಹೊಸ ಹಿಂಬಾಗಿಲು ಒಳ್ಳೆದಾಯ್ತು ನೋಡಿ. ನಮ್ಮ ಅಂಗಡಿಗೆ ಸೀದಾ ಎದುರೇ!"